ಕೊಡಗಿನಲ್ಲಿ ಬಹುವಾರ್ಷಿಕ ಹೂಗಿಡಗಳ ಚಳಿಗಾಲದ ರಕ್ಷಣೆ

ಕೊಡಗಿನಲ್ಲಿ ಬಹುವಾರ್ಷಿಕ ಹೂಗಿಡಗಳ ಚಳಿಗಾಲದ ರಕ್ಷಣೆ ಎಂಬುದು ಕರ್ನಾಟಕದ ಕೊಡಗು ಜಿಲ್ಲೆಯ ಮನೆಯಂಗಳ, ಕೈತೋಟ ಹಾಗೂ ಕಾಫಿ ತೋಟದ ನೆರಳಿನಲ್ಲಿ ಬೆಳೆಯುವ ಚಳಿ ತಾಳದ ಹೂಗಿಡಗಳನ್ನು ನವೆಂಬರ್‌ನಿಂದ ಫೆಬ್ರುವರಿಯವರೆಗೆ ಕಾಪಾಡಿಕೊಳ್ಳುವ ಕ್ರಮಗಳನ್ನು ಕುರಿತ ವಿಷಯ. ಆಂಥೂರಿಯಂ, ಸಂಕರ ಆರ್ಕಿಡ್‌ಗಳು, ಹೆಲಿಕೋನಿಯ, ದಾಸವಾಳ, ಅಡೀನಿಯಂ ಮೊದಲಾದ ಉಷ್ಣವಲಯದ ಗಿಡಗಳು ಈ ಗುಂಪಿಗೆ ಸೇರುತ್ತವೆ. ಶೀತ ದೇಶಗಳಲ್ಲಿ ಇಂತಹ ರಕ್ಷಣೆಯ ಉದ್ದೇಶ ಗಿಡದೊಳಗಿನ ನೀರು ಹೆಪ್ಪುಗಟ್ಟದಂತೆ ತಡೆಯುವುದು. ಕೊಡಗಿನಲ್ಲಿ ನೀರು ಹೆಪ್ಪುಗಟ್ಟುವಷ್ಟು ಚಳಿ ಸಾಮಾನ್ಯವಾಗಿ ಇರುವುದಿಲ್ಲ. ಇಲ್ಲಿ ಹಾನಿಯುಂಟಾಗುವುದು ತಿಳಿಯಾದ ರಾತ್ರಿಯ ತಂಪು, ಮಳೆಗಾಲದಲ್ಲಿ ದುರ್ಬಲಗೊಂಡ ಬೇರು, ಒಣಗಾಳಿ ಮತ್ತು ಮುಂಜಾನೆಯ ತೀಕ್ಷ್ಣ ಬಿಸಿಲು ಒಟ್ಟಾಗಿ ಬಂದಾಗ. ಆದುದರಿಂದ ಇಲ್ಲಿನ ರಕ್ಷಣಾ ಕ್ರಮಗಳು ಹಿಮ ಬೀಳುವ ನಾಡುಗಳ ಕ್ರಮಗಳಿಗಿಂತ ಭಿನ್ನವಾಗಿವೆ.

ಮಂಜು, ಇಬ್ಬನಿ ಮತ್ತು ಹಿಮ

ಕನ್ನಡದಲ್ಲಿ ‘ಮಂಜು’ ಎಂಬ ಒಂದೇ ಪದವನ್ನು ನೆಲದ ಮೇಲೆ ಕವಿಯುವ ಮೋಡದಂತಹ ಆವಿಗೂ, ಎಲೆಯ ಮೇಲೆ ಕೂರುವ ಹನಿಗೂ, ಪರ್ವತಗಳ ಮೇಲೆ ಬೀಳುವ ಹಿಮಕ್ಕೂ ಬಳಸುವ ರೂಢಿಯಿದೆ. ತೋಟಗಾರಿಕೆಯ ವಿದೇಶಿ ಪುಸ್ತಕಗಳಲ್ಲಿ ಗಿಡವನ್ನು ಕೊಲ್ಲುವುದೆಂದು ಹೇಳಿರುವ ಹಿಮವನ್ನು ಮಂಜು ಎಂದು ಅರ್ಥಮಾಡಿಕೊಂಡರೆ, ಮಡಿಕೇರಿಯ ಮಂಜೇ ಗಿಡಗಳ ಶತ್ರು ಎಂಬ ತಪ್ಪು ಕಲ್ಪನೆ ಹುಟ್ಟುತ್ತದೆ. ಆದ್ದರಿಂದ ಈ ಮೂರನ್ನೂ ಬೇರೆ ಬೇರೆಯಾಗಿ ಗುರುತಿಸಬೇಕಾಗುತ್ತದೆ.

ನೆಲಮಟ್ಟದ ಗಾಳಿಯಲ್ಲಿ ಅತಿ ಸೂಕ್ಷ್ಮ ನೀರಹನಿಗಳು ತೇಲುವುದು ಮಂಜು. ತಂಪಾದ ಎಲೆ, ಹುಲ್ಲು, ಹಂಚುಗಳ ಮೇಲೆ ಗಾಳಿಯ ತೇವಾಂಶ ಹನಿಯಾಗಿ ಕೂರುವುದು ಇಬ್ಬನಿ. ಎಲೆಯ ಮೇಲ್ಮೈ ಶೂನ್ಯ ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದಾಗ ತೇವಾಂಶವು ಬಿಳಿಯ ಹರಳುಗಳಾಗಿ ಕೂರುವುದು ನೆಲಹಿಮ. ನೆರೆಯ ನೀಲಗಿರಿಯಲ್ಲಿ, ಸುಮಾರು 2240 ಮೀಟರ್ ಎತ್ತರದ ಊಟಿಯ ತಗ್ಗು ಬಯಲುಗಳಲ್ಲಿ ಚಳಿಗಾಲದ ಕೆಲವು ಮುಂಜಾನೆ ನೆಲಹಿಮ ಕಾಣಿಸಿಕೊಳ್ಳುತ್ತದೆ. ಮಡಿಕೇರಿಯ ಎತ್ತರ ಅದರ ಅರ್ಧದಷ್ಟು ಮಾತ್ರ. ಜಿಲ್ಲೆಯ ಅತಿ ಎತ್ತರದ ಶಿಖರವಾದ ತಡಿಯಂಡಮೋಳ್ ಸಹ 1748 ಮೀಟರ್ ಎತ್ತರವಿದೆ.

ಮಂಜು ಕವಿದ ರಾತ್ರಿಯು ಗಿಡಗಳಿಗೆ ಹೆಚ್ಚು ಸುರಕ್ಷಿತ. ಹಗಲಿನಲ್ಲಿ ಕಾದ ನೆಲವು ರಾತ್ರಿ ತನ್ನ ಶಾಖವನ್ನು ಆಕಾಶದತ್ತ ಹೊರಸೂಸುತ್ತದೆ. ಮೋಡ ಅಥವಾ ಮಂಜಿನ ಪದರ ಇದ್ದರೆ ಆ ಶಾಖದ ಒಂದು ಭಾಗ ನೆಲದತ್ತಲೇ ಹಿಂದಿರುಗುತ್ತದೆ. ನಕ್ಷತ್ರಗಳು ಸ್ಪಷ್ಟವಾಗಿ ಕಾಣುವ, ಗಾಳಿಯಾಡದ ರಾತ್ರಿಯಲ್ಲಿ ಶಾಖಕ್ಕೆ ಯಾವ ತಡೆಯೂ ಇಲ್ಲದ ಕಾರಣ ತೆರೆದ ಜಾಗದ ಎಲೆಗಳು ಸುತ್ತಲಿನ ಗಾಳಿಗಿಂತಲೂ ಹೆಚ್ಚು ತಣ್ಣಗಾಗುತ್ತವೆ. ಹೀಗಾಗಿ ಗಿಡಗಳಿಗೆ ಹೊದಿಕೆ ಬೇಕಾಗುವುದು ಮಂಜಿನ ರಾತ್ರಿಗಿಂತ ತಿಳಿಯಾದ ರಾತ್ರಿಯಲ್ಲಿ. ಆದರೆ ದಿನಗಟ್ಟಲೆ ಎಲೆ ಒದ್ದೆಯಾಗಿಯೇ ಉಳಿದರೆ ಶಿಲೀಂಧ್ರ ರೋಗಗಳು ಹರಡಬಹುದು. ಮಂಜಿನಿಂದ ಇರುವ ತೊಂದರೆ ಇದೇ ಹೊರತು ಚಳಿಯಲ್ಲ.

ಹವಾಮಾನ ಮತ್ತು ನೆಲದ ಸ್ವರೂಪ

ಪಶ್ಚಿಮ ಘಟ್ಟಗಳ ಮೇಲಿರುವ ಕೊಡಗಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಾರುತಗಳ ಭಾರಿ ಮಳೆ ಸುರಿಯುತ್ತದೆ. ಭಾಗಮಂಡಲ, ಮಡಿಕೇರಿ ಮುಂತಾದ ಪಶ್ಚಿಮದ ಕಡೆ ಮಳೆ ಹೆಚ್ಚು. ಪೂರ್ವದಲ್ಲಿ ಕುಶಾಲನಗರದತ್ತ ಸಾಗಿದಂತೆ ಅದು ಬಹಳ ಕಡಿಮೆಯಾಗುತ್ತದೆ. ಅಕ್ಟೋಬರ್–ನವೆಂಬರ್‌ನಲ್ಲಿ ಹಿಂಗಾರಿನ ಮಳೆ ಬಂದು ಹೋದ ಮೇಲೆ ಡಿಸೆಂಬರ್‌ನಿಂದ ಫೆಬ್ರುವರಿಯವರೆಗೆ ಬಹುತೇಕ ಒಣಹವೆ ಇರುತ್ತದೆ. ಈ ಅವಧಿಯಲ್ಲಿ ಮಡಿಕೇರಿಯ ರಾತ್ರಿಯ ಉಷ್ಣತೆ ಸಾಮಾನ್ಯವಾಗಿ 10ರಿಂದ 15 ಡಿಗ್ರಿ ಸೆಲ್ಸಿಯಸ್ ನಡುವೆ ಇದ್ದು, ಕೆಲವು ರಾತ್ರಿಗಳಲ್ಲಿ 10 ಡಿಗ್ರಿಗಿಂತ ಕೆಳಗಿಳಿಯುತ್ತದೆ. ಹಗಲಿನಲ್ಲಿ ಬಿಸಿಲು ತೀಕ್ಷ್ಣವಾಗಿದ್ದು ಗಾಳಿ ಒಣಗಿರುತ್ತದೆ.

ಒಂದೇ ಊರಿನಲ್ಲಿಯೂ ಚಳಿ ಎಲ್ಲೆಡೆ ಸಮನಾಗಿರುವುದಿಲ್ಲ. ತಂಪಾದ ಗಾಳಿ ಬಿಸಿಗಾಳಿಗಿಂತ ಭಾರವಾದುದರಿಂದ ಅದು ರಾತ್ರಿ ಇಳಿಜಾರಿನಲ್ಲಿ ನೀರಿನಂತೆ ಕೆಳಗಿಳಿದು ಗದ್ದೆಯ ಬಯಲಿನಲ್ಲಿ ನಿಲ್ಲುತ್ತದೆ. ಕೊಡವರ ಹಳೆಯ ಐನ್‌ಮನೆಗಳು ಹೆಚ್ಚಾಗಿ ಗದ್ದೆಯಂಚಿನಲ್ಲಿರದೆ ಅದರ ಮೇಲಿನ ಏರಿನಲ್ಲಿರುತ್ತವೆ. ಅಂತಹ ಮನೆಯ ಅಂಗಳದಲ್ಲಿ ಸುರಕ್ಷಿತವಾಗಿ ಉಳಿಯುವ ಗಿಡವು ಕೆಳಗಿನ ಗದ್ದೆಯ ಬದಿಯಲ್ಲಿ ಎಲೆ ಕಪ್ಪಾಗಿ ಬಳಲುವುದುಂಟು. ಇಳಿಜಾರಿನ ನಡುವೆ ದಟ್ಟವಾದ ಬೇಲಿ ಅಥವಾ ಗೋಡೆ ಅಡ್ಡ ಇದ್ದರೆ ಅದರ ಮೇಲ್ಬದಿಯಲ್ಲಿಯೂ ತಂಪುಗಾಳಿ ತುಂಬಿಕೊಳ್ಳುತ್ತದೆ.

ಎತ್ತರವೂ ಗಮನಾರ್ಹ. ಎತ್ತರ 1000 ಮೀಟರ್ ಹೆಚ್ಚಿದಂತೆ ಉಷ್ಣತೆ ಸುಮಾರು 6 ಡಿಗ್ರಿ ಕಡಿಮೆಯಾಗುತ್ತದೆ. ಮಂಗಳೂರಿನ ಕಡೆಯ ಸಸ್ಯಕ್ಷೇತ್ರಗಳಲ್ಲಿ ಬೆಳೆದ ಗಿಡಗಳು ಬೆಚ್ಚಗಿನ ರಾತ್ರಿಗಳಿಗೆ ಒಗ್ಗಿಕೊಂಡಿರುತ್ತವೆ. ಅವುಗಳನ್ನು ಡಿಸೆಂಬರ್‌ನಲ್ಲಿ ತಂದು ಮಡಿಕೇರಿಯ ತೆರೆದ ಅಂಗಳದಲ್ಲಿಟ್ಟರೆ ಒಂದೇ ವಾರದಲ್ಲಿ ಎಲೆ ಉದುರಬಹುದು. ಅಂತಹ ಗಿಡಗಳನ್ನು ಮಾರ್ಚ್ ನಂತರ ತರುವುದು ಉಚಿತ.

ಚಳಿಯಿಂದಾಗುವ ಹಾನಿಯ ಸ್ವರೂಪ

ಉಷ್ಣವಲಯದ ಅನೇಕ ಸಸ್ಯಗಳ ಜೀವಕೋಶಗಳ ಪೊರೆಯಲ್ಲಿರುವ ಕೊಬ್ಬಿನಂಶವು ಸುಮಾರು 10ರಿಂದ 13 ಡಿಗ್ರಿಗಿಂತ ಕೆಳಗೆ ಬಿಗಿಯಾಗುತ್ತದೆ. ಆಗ ಪೊರೆಯ ಕೆಲಸ ಕೆಟ್ಟು ಕೋಶದೊಳಗಿನ ದ್ರವ ಹೊರಕ್ಕೆ ಸೋರುತ್ತದೆ. ನೀರು ಹೆಪ್ಪುಗಟ್ಟದಿದ್ದರೂ ಉಂಟಾಗುವ ಈ ಬಾಧೆಯನ್ನು ಶೀತಬಾಧೆ ಎನ್ನಬಹುದು. ಒಂದು ರಾತ್ರಿಯ ತಂಪಿನಿಂದ ಚೇತರಿಸಿಕೊಳ್ಳುವ ಗಿಡವು ಸತತ ಹಲವು ರಾತ್ರಿಗಳ ತಂಪಿನಿಂದ ಚೇತರಿಸಿಕೊಳ್ಳದೆ ಹೋಗಬಹುದು.

ತಣ್ಣಗಾದ ಮಣ್ಣಿನಲ್ಲಿ ಬೇರುಗಳು ನೀರು ಹೀರುವ ವೇಗವೂ ತಗ್ಗುತ್ತದೆ. ಬೆಳಗ್ಗೆ ಪೂರ್ವದ ಬಿಸಿಲು ನೇರವಾಗಿ ಬಿದ್ದೊಡನೆ ಎಲೆಗಳು ನೀರನ್ನು ಆವಿಯಾಗಿ ಬಿಡಲಾರಂಭಿಸುತ್ತವೆ. ಬೇರಿನಿಂದ ಅಷ್ಟೇ ಬೇಗ ನೀರು ಬರುವುದಿಲ್ಲ. ಮಣ್ಣು ಒದ್ದೆಯಿದ್ದರೂ ಗಿಡ ಬಾಡುತ್ತದೆ. ಮಳೆಗಾಲದಲ್ಲಿ ನೀರು ನಿಂತು ಬೇರು ಕೊಳೆತ ಗಿಡಗಳಲ್ಲಿ ಈ ಬಾಧೆ ಇನ್ನೂ ಹೆಚ್ಚು. ಚಳಿಯಿಂದ ಸತ್ತಿತೆಂದು ಭಾವಿಸಲಾದ ಗಿಡವನ್ನು ಕಿತ್ತು ನೋಡಿದಾಗ ಬೇರು ಕಪ್ಪಾಗಿ ಕೊಳೆತಿರುವುದು ಕಂಡುಬಂದರೆ, ಹಾನಿಯ ಆರಂಭ ಮಳೆಗಾಲದಲ್ಲಿಯೇ ಆಗಿತ್ತೆಂದು ತಿಳಿಯಬೇಕು.

ಶೀತಬಾಧೆಯ ಮುಖ್ಯ ಲಕ್ಷಣಗಳು ಹೀಗಿವೆ:

- ಎಲೆಯ ಮೇಲೆ ನೀರಿನಲ್ಲಿ ನೆನೆದಂತಹ ಕಲೆಗಳು, ಮುಂದೆ ಅವು ಕಂದು ಅಥವಾ ಕಪ್ಪಾಗುವುದು.
- ಎಳೆಯ ಎಲೆಗಳ ಅಂಚು ಸುಟ್ಟಂತಾಗುವುದು.
- ಮೊಗ್ಗುಗಳು ಅರಳದೆ ಉದುರುವುದು; ದಾಸವಾಳದಲ್ಲಿ ಇದು ಎದ್ದು ಕಾಣುತ್ತದೆ.
- ಹೂವಿನ ಬಣ್ಣ ಮಾಸುವುದು, ಹೂವು ಚಿಕ್ಕದಾಗುವುದು.
- ಮೃದುವಾದ ಕಾಂಡ ಮೆತ್ತಗಾಗಿ ಕೊಳೆಯುವುದು. ಅಡೀನಿಯಂನಂತಹ ದಪ್ಪ ಕಾಂಡದ ಗಿಡಗಳಲ್ಲಿ ಇದು ಮಾರಕ.

ರೋಗದ ಕಲೆಗಳಿಗೂ ಶೀತಬಾಧೆಗೂ ವ್ಯತ್ಯಾಸವಿದೆ. ಶೀತಬಾಧೆಯು ಆಕಾಶಕ್ಕೆ ತೆರೆದುಕೊಂಡ ಎಲೆಗಳಲ್ಲೆಲ್ಲ ಒಂದೆರಡು ದಿನಗಳಲ್ಲಿ ಒಟ್ಟಿಗೆ ಕಾಣಿಸಿಕೊಂಡು ಅಲ್ಲಿಗೇ ನಿಲ್ಲುತ್ತದೆ. ರೋಗವು ಒಂದು ಎಲೆಯಲ್ಲಿ ಆರಂಭವಾಗಿ ದಿನದಿಂದ ದಿನಕ್ಕೆ ಇತರ ಎಲೆ, ಗಿಡಗಳಿಗೆ ಹರಡುತ್ತದೆ. ಈ ವ್ಯತ್ಯಾಸ ತಿಳಿಯದೆ ಶೀತಬಾಧೆಗೆ ಔಷಧ ಸಿಂಪಡಿಸುವುದರಿಂದ ಯಾವ ಪ್ರಯೋಜನವೂ ಇಲ್ಲ.

ಹೂಗಿಡಗಳ ವರ್ಗೀಕರಣ

ಬ್ರಿಟಿಷ್ ತೋಟಗಾರಿಕೆಯಲ್ಲಿ ನೆಲಹಿಮವನ್ನು ತಾಳದ ಗಿಡಗಳನ್ನೆಲ್ಲ ‘ಕೋಮಲ’ ಎಂದು ಕರೆಯುವ ಕ್ರಮವಿದೆ. ಆ ಲೆಕ್ಕದಲ್ಲಿ ಡೇಲಿಯಾ, ಜೆರೇನಿಯಂ, ಫ್ಯೂಷಿಯಾದ ಅನೇಕ ತಳಿಗಳು ಕೋಮಲ ಸಸ್ಯಗಳು. ಕೊಡಗಿನ ಚಳಿಯಲ್ಲಿ ಇವುಗಳಿಗೆ ಯಾವ ಅಪಾಯವೂ ಇಲ್ಲ. ಹೀಗಾಗಿ ಬೀಜದ ಪೊಟ್ಟಣ ಅಥವಾ ವಿದೇಶಿ ಪುಸ್ತಕದ ಸೂಚನೆಯನ್ನು ಇಲ್ಲಿಗೆ ನೇರವಾಗಿ ಅನ್ವಯಿಸಲಾಗದು. ಕೊಡಗಿನ ಮಟ್ಟಿಗೆ ಬಹುವಾರ್ಷಿಕ ಹೂಗಿಡಗಳನ್ನು ಮೂರು ಗುಂಪುಗಳಾಗಿ ವಿಂಗಡಿಸಬಹುದು.

ಚಳಿಯನ್ನು ಬಯಸುವ ಗಿಡಗಳು: ಗುಲಾಬಿ, ಹೈಡ್ರೇಂಜಿಯ, ಅಜೇಲಿಯ, ಜೆರೇನಿಯಂ ಮುಂತಾದವು. ಇವುಗಳಿಗೆ ಹೊದಿಕೆ ಬೇಡ. ತಂಪು ರಾತ್ರಿ ಮತ್ತು ಬಿಸಿಲಿನ ಹಗಲು ಗುಲಾಬಿಗೆ ಅನುಕೂಲಕರ. ಕಾಗದದ ಹೂ ಎಂದು ಕರೆಯಲಾಗುವ ಬೋಗನ್‌ವಿಲ್ಲ ಗಿಡವೂ ಒಣ ಚಳಿಗಾಲದಲ್ಲಿ ಸ್ವಲ್ಪ ಎಲೆ ಉದುರಿಸಿ ಬಳಿಕ ಹೆಚ್ಚು ಹೂ ಬಿಡುತ್ತದೆ.

ನೆಲದೊಳಗೆ ವಿಶ್ರಮಿಸುವ ಗಿಡಗಳು: ಡೇಲಿಯಾ, ಸುಗಂಧರಾಜ, ಗೌರಿ ಹೂ ಅಥವಾ ಅಗ್ನಿಶಿಖೆ, ಕೆಲಾಡಿಯಂ, ಗೆಡ್ಡೆ ಬಿಗೋನಿಯಾ ಮೊದಲಾದವು. ಚಳಿಗಾಲದಲ್ಲಿ ಇವುಗಳ ಮೇಲಿನ ಭಾಗ ಒಣಗುವುದು ಸಹಜ. ಅದು ರೋಗವೂ ಅಲ್ಲ, ಸಾವೂ ಅಲ್ಲ. ಇವುಗಳಿಗೆ ಬೇಕಾದುದು ಒಣ ವಿಶ್ರಾಂತಿ.

ಚಳಿ ತಾಳದ ನಿತ್ಯಹಸಿರು ಗಿಡಗಳು: ಆಂಥೂರಿಯಂ, ಫೆಲನಾಪ್ಸಿಸ್ ಹಾಗೂ ಡೆಂಡ್ರೋಬಿಯಂ ಜಾತಿಯ ಸಂಕರ ಆರ್ಕಿಡ್‌ಗಳು, ಹೆಲಿಕೋನಿಯ, ಅಡೀನಿಯಂ, ದಾಸವಾಳದ ಸಂಕರ ತಳಿಗಳು, ಕರ್ನಾಟಕದಲ್ಲಿ ಬ್ರಹ್ಮಕಮಲವೆಂದು ಕರೆಯಲಾಗುವ ಎಪಿಫಿಲಂ ಮುಂತಾದವು. ಚಳಿಗಾಲದ ರಕ್ಷಣೆ ನಿಜವಾಗಿ ಬೇಕಾಗಿರುವುದು ಈ ಗುಂಪಿಗೆ.

ಹಿನ್ನೆಲೆ

1834ರಲ್ಲಿ ಕೊಡಗು ಬ್ರಿಟಿಷರ ಆಳ್ವಿಕೆಗೆ ಒಳಪಟ್ಟಿತು. 1854ರಲ್ಲಿ ಮಡಿಕೇರಿಯ ಸಮೀಪ ಮೊದಲ ಯುರೋಪಿಯನ್ ಕಾಫಿ ತೋಟ ಆರಂಭವಾದ ಬಳಿಕ ತೋಟದ ಬಂಗಲೆಗಳ ಸುತ್ತ ಯುರೋಪಿನ ಮಾದರಿಯ ಹೂದೋಟಗಳೂ ಬೆಳೆದವು. ತಂಪು ಹವೆಗೆ ಹೊಂದಿಕೊಳ್ಳುವ ಹೈಡ್ರೇಂಜಿಯ, ಗುಲಾಬಿ, ಡೇಲಿಯಾಗಳು ಕಾಲಕ್ರಮದಲ್ಲಿ ಊರಿನವರ ಮನೆಯಂಗಳಗಳಿಗೂ ಹರಡಿದವು. ಈ ಗಿಡಗಳಿಗೆ ಇಲ್ಲಿನ ಚಳಿ ಸಮಸ್ಯೆಯಾಗಿರಲಿಲ್ಲ.

ಚಳಿಯ ಪ್ರಶ್ನೆ ಮುಖ್ಯವಾದುದು ಉಷ್ಣವಲಯದ ತಗ್ಗು ಕಾಡುಗಳಿಂದ ಬಂದ ಗಿಡಗಳು ಜನಪ್ರಿಯವಾದ ನಂತರ. ಅವುಗಳಲ್ಲಿ ಆಂಥೂರಿಯಂ ಪ್ರಮುಖವಾದುದು. ಕಾಫಿ ತೋಟದ ನೆರಳು ಮತ್ತು ಗಾಳಿಯ ತೇವಾಂಶ ಅದಕ್ಕೆ ಹೊಂದುವುದರಿಂದ, ಕೊಡಗಿನ ಅನೇಕ ಕುಟುಂಬಗಳು ಅದನ್ನು ನೆರಳು ಪರದೆಯ ಮನೆಗಳಲ್ಲಿ ಬೆಳೆಸಿ ಹೂ ಹಾಗೂ ಗಿಡಗಳನ್ನು ಮಾರುವ ಉಪಕಸುಬನ್ನು ಕೈಗೊಂಡಿವೆ. ಇದರಲ್ಲಿ ಮಹಿಳೆಯರ ಪಾತ್ರ ಹಿರಿದು. ಅಂತಹ ಮನೆಗಳಿಗೆ ಚಳಿಗಾಲದ ಒಂದು ವಾರದ ಅಲಕ್ಷ್ಯ ಎಂದರೆ ಮುಂದಿನ ಹಲವು ತಿಂಗಳ ವರಮಾನದ ನಷ್ಟ.

ರಕ್ಷಣೆಯ ಸಾಮಾನ್ಯ ಕ್ರಮಗಳು

ಸ್ಥಳದ ಆಯ್ಕೆ

ಎಲ್ಲ ಕ್ರಮಗಳಿಗಿಂತ ಮೊದಲನೆಯದು ಗಿಡವನ್ನು ಸರಿಯಾದ ಜಾಗದಲ್ಲಿ ಇಡುವುದು. ಇಳಿಜಾರಿನ ನಡುಭಾಗ, ಮನೆಯ ಸೂರಿನ ಕೆಳಗೆ, ಪಶ್ಚಿಮಕ್ಕೆ ಮುಖ ಮಾಡಿದ ಗೋಡೆಯ ಬದಿ ಸೂಕ್ತವಾದ ಸ್ಥಳಗಳು. ಪಶ್ಚಿಮದ ಗೋಡೆಯು ಮಧ್ಯಾಹ್ನದ ಬಿಸಿಲಿನಲ್ಲಿ ಕಾದು ರಾತ್ರಿ ನಿಧಾನವಾಗಿ ಶಾಖ ಬಿಡುತ್ತದೆ. ಬೆಳಗಿನ ನೇರ ಬಿಸಿಲನ್ನೂ ತಡೆಯುತ್ತದೆ. ಕುಂಡಗಳನ್ನು ತೆರೆದ ಸಿಮೆಂಟು ನೆಲದ ಮೇಲೆ ಬಿಡಿಬಿಡಿಯಾಗಿ ಇಡುವ ಬದಲು ಹಲಗೆ ಅಥವಾ ಇಟ್ಟಿಗೆಯ ಮೇಲೆ ಒತ್ತಾಗಿ ಇಟ್ಟರೆ ಬೇರಿನ ಭಾಗ ಕಡಿಮೆ ತಣಿಯುತ್ತದೆ.

ಮರದ ನೆರಳು

ಮರದ ಹಂದರವು ಹಗಲಿನಲ್ಲಿ ಬಿಸಿಲನ್ನು ತಡೆಯುವಂತೆ ರಾತ್ರಿ ನೆಲದ ಶಾಖ ಆಕಾಶಕ್ಕೆ ಹೋಗದಂತೆಯೂ ತಡೆಯುತ್ತದೆ. ಕಾಫಿ ತೋಟದೊಳಗಿನ ಗಿಡಗಳು ತೆರೆದ ಅಂಗಳದ ಗಿಡಗಳಿಗಿಂತ ಚಳಿಯಿಂದ ಕಡಿಮೆ ಬಳಲುವುದು ಇದರಿಂದಲೇ. ಆದರೆ ಕಾಫಿ ತೋಟಗಳಲ್ಲಿ ನೆರಳಿಗಾಗಿ ಬೆಳೆಸುವ ಹಾಲುವಾಣವು ಚಳಿಗಾಲದ ಕೊನೆಯಲ್ಲಿ ಹೂ ಬಿಡುವ ಮುನ್ನ ಎಲೆ ಉದುರಿಸುತ್ತದೆ. ಅದೊಂದನ್ನೇ ನಂಬಿ ನೆಟ್ಟ ಆಂಥೂರಿಯಂ ಗಿಡಗಳು ರಕ್ಷಣೆ ಹೆಚ್ಚು ಬೇಕಾದ ಹೊತ್ತಿನಲ್ಲಿಯೇ ರಾತ್ರಿಯ ತೆರೆದ ಆಕಾಶಕ್ಕೂ ಹಗಲಿನ ಬಿಸಿಲಿಗೂ ಒಡ್ಡಿಕೊಳ್ಳುತ್ತವೆ. ಹಲಸು, ಅತ್ತಿಯಂತಹ ಮರಗಳು ಜೊತೆಗಿದ್ದರೆ ಈ ತೊಂದರೆ ತಪ್ಪುತ್ತದೆ. ಇಲ್ಲದಿದ್ದರೆ ನೆರಳು ಪರದೆ ಕಟ್ಟಬೇಕಾಗುತ್ತದೆ.

ಮುಚ್ಚಿಗೆ

ಬುಡದ ಮಣ್ಣನ್ನು ಸಾವಯವ ವಸ್ತುಗಳಿಂದ ಮುಚ್ಚುವುದರಿಂದ ಮಣ್ಣಿನ ತೇವ ಮತ್ತು ಶಾಖ ಎರಡೂ ಉಳಿಯುತ್ತವೆ. ಭತ್ತದ ಕೊಯ್ಲು ಮುಗಿಯುವ ಕಾಲವೂ ಚಳಿಯ ಕಾಲವೂ ಒಂದೇ ಆಗಿರುವುದರಿಂದ ಹೊಸ ಹುಲ್ಲು ಸುಲಭವಾಗಿ ದೊರೆಯುತ್ತದೆ. ಒಣ ಎಲೆ, ತೆಂಗಿನ ನಾರು ಸಹ ಉಪಯುಕ್ತ. ಎರಡರಿಂದ ಮೂರು ಅಂಗುಲ ದಪ್ಪದ ಮುಚ್ಚಿಗೆ ಸಾಕು. ಕಾಂಡಕ್ಕೆ ತಾಗದಂತೆ ಸುತ್ತ ಒಂದು ಗೇಣು ಜಾಗ ಬಿಡಬೇಕು. ಇಲ್ಲವಾದರೆ ಕಾಂಡ ಕೊಳೆಯುವ ಹಾಗೂ ಗೆದ್ದಲು ಹತ್ತುವ ಅಪಾಯವಿದೆ. ಹಸಿಯಾದ ಕಾಫಿ ಸಿಪ್ಪೆಯನ್ನು ನೇರವಾಗಿ ಬುಡಕ್ಕೆ ಹಾಕಬಾರದು. ಅದು ಕೊಳೆಯುವಾಗ ಬಿಸಿಯಾಗಿ ಎಳೆಯ ಬೇರುಗಳನ್ನು ಕೆಡಿಸುತ್ತದೆ. ಪೂರ್ತಿ ಕಳಿತು ಗೊಬ್ಬರವಾದ ಸಿಪ್ಪೆಯನ್ನು ಬಳಸಬಹುದು. ಬೇಸಿಗೆ ಸಮೀಪಿಸಿದಂತೆ ಒಣಹುಲ್ಲು ಬೆಂಕಿಗೆ ಬೇಗ ಈಡಾಗುವುದರಿಂದ ರಸ್ತೆಬದಿಯ ಹಾಗೂ ಮನೆಗೆ ತಾಗಿದ ಪಾತಿಗಳಿಂದ ಅದನ್ನು ತೆಗೆಯುವುದು ಕ್ಷೇಮ.

ಹೊದಿಕೆ

ತಿಳಿಯಾದ ರಾತ್ರಿಗಳಲ್ಲಿ ಕುಂಡದ ಗಿಡಗಳ ಮೇಲೆ ಗೋಣಿಚೀಲ, ಹಳೆಯ ಸೀರೆ ಅಥವಾ ಹತ್ತಿಯ ಬಟ್ಟೆಯನ್ನು ಬಿದಿರಿನ ಕಡ್ಡಿಗಳ ಆಧಾರದ ಮೇಲೆ ಹರಡಬಹುದು. ಹೊದಿಕೆ ಎಲೆಗೆ ತಾಗದಿರುವುದು ಮತ್ತು ಅದರ ಅಂಚು ನೆಲದವರೆಗೆ ಇಳಿದಿರುವುದು ಮುಖ್ಯ. ನೆಲದಿಂದ ಏಳುವ ಶಾಖವನ್ನು ಹಿಡಿದಿಡುವುದೇ ಹೊದಿಕೆಯ ಕೆಲಸ. ಗಿಡ ತಾನಾಗಿ ಶಾಖ ಉತ್ಪಾದಿಸುವುದಿಲ್ಲ. ಆದುದರಿಂದ ಕೇವಲ ತಲೆಗೆ ಕಟ್ಟಿದ ಗಂಟಿನಂತಹ ಹೊದಿಕೆಯಿಂದ ಹೆಚ್ಚು ಲಾಭವಿಲ್ಲ. ಸಂಜೆ ಕತ್ತಲಾಗುವ ಮುನ್ನ ಹೊದಿಸಿ, ಬೆಳಗ್ಗೆ ಬಿಸಿಲು ಏರುವ ಮೊದಲೇ ತೆಗೆಯಬೇಕು. ಪ್ಲಾಸ್ಟಿಕ್ ಹಾಳೆಯನ್ನು ಗಿಡಕ್ಕೆ ಒತ್ತಿ ಹೊದಿಸಿದರೆ ಅದರ ಒಳಬದಿಯಲ್ಲಿ ನೀರು ನಿಂತು ಎಲೆ ಕೊಳೆಯುತ್ತದೆ. ಹಗಲಿನಲ್ಲಿ ತೆಗೆಯದಿದ್ದರೆ ಒಳಗೆ ಕಾವು ಹೆಚ್ಚಿ ಗಿಡ ಬೇಯುತ್ತದೆ.

ನೀರು

ಚಳಿಗಾಲದಲ್ಲಿ ನೀರು ಕೊಡುವ ಹೊತ್ತು ಅದರ ಪ್ರಮಾಣದಷ್ಟೇ ಮುಖ್ಯ. ಬಿಸಿಲೇರಿದ ಮೇಲೆ, ಬೆಳಗ್ಗೆ 9ರಿಂದ 11 ಗಂಟೆಯೊಳಗೆ ಬುಡಕ್ಕೆ ನೀರು ಕೊಟ್ಟರೆ ಎಲೆ ಮತ್ತು ಮಣ್ಣಿನ ಮೇಲ್ಭಾಗ ಸಂಜೆಯೊಳಗೆ ಆರುತ್ತವೆ. ಮಿತವಾಗಿ ತೇವವಿರುವ ಮಣ್ಣು ಒಣಮಣ್ಣಿಗಿಂತ ಹೆಚ್ಚು ಶಾಖವನ್ನು ಹಿಡಿದಿಡುತ್ತದೆ. ಸಂಜೆಯ ನೀರಿನಿಂದ ಬೇರು ತಣ್ಣಗಾಗಿ ರೋಗಗಳಿಗೆ ದಾರಿಯಾಗುತ್ತದೆ. ಇಬ್ಬನಿಯಿಂದ ಎಲೆ ಒದ್ದೆಯಾಗಿದ್ದರೂ ಬೇರಿಗೆ ನೀರು ದೊರೆತಂತಾಗುವುದಿಲ್ಲ; ಎರಡು ಅಂಗುಲ ಆಳಕ್ಕೆ ಬೆರಳಿಟ್ಟು ನೋಡಿ ತೇವವನ್ನು ತಿಳಿಯುವುದು ಸರಳ ವಿಧಾನ.

ಹಿಮ ಬೀಳುವ ಪ್ರದೇಶಗಳಲ್ಲಿ ಗಿಡಗಳ ಮೇಲೆ ರಾತ್ರಿಯಿಡೀ ನೀರು ಚಿಮುಕಿಸುವ ಪದ್ಧತಿಯಿದೆ. ನೀರು ಹೆಪ್ಪುಗಟ್ಟುವಾಗ ಶಾಖ ಬಿಡುಗಡೆಯಾಗುವುದರಿಂದ ಅಲ್ಲಿ ಅದು ಫಲಕಾರಿ. ನೀರು ಹೆಪ್ಪುಗಟ್ಟದ ಕೊಡಗಿನಲ್ಲಿ ಅದೇ ಪದ್ಧತಿಯನ್ನು ಅನುಸರಿಸಿದರೆ ಎಲೆಗಳು ಆವಿಯಿಂದ ಇನ್ನಷ್ಟು ತಣಿಯುತ್ತವೆಯೇ ಹೊರತು ಪ್ರಯೋಜನವಿಲ್ಲ.

ಗೊಬ್ಬರ ಮತ್ತು ಸವರುವಿಕೆ

ಸಾರಜನಕ ಹೆಚ್ಚಿರುವ ಗೊಬ್ಬರವನ್ನು ಅಕ್ಟೋಬರ್ ನಂತರ ಕೊಟ್ಟರೆ ಎಳೆಯ, ಮೃದುವಾದ ಚಿಗುರು ಬರುತ್ತದೆ. ಚಳಿಗೆ ಮೊದಲು ಬಲಿಯಾಗುವುದು ಆ ಚಿಗುರೇ. ಗೊಬ್ಬರವನ್ನು ಸೆಪ್ಟೆಂಬರ್ ಕೊನೆಯೊಳಗೆ ಮುಗಿಸಿ ಮತ್ತೆ ಮಾರ್ಚ್‌ನಲ್ಲಿ ಆರಂಭಿಸುವುದು ಸೂಕ್ತ. ಸವರುವಿಕೆ ಸಹ ಹೊಸ ಚಿಗುರನ್ನು ಪ್ರೇರೇಪಿಸುವುದರಿಂದ ಚಳಿ ತಾಳದ ಗಿಡಗಳನ್ನು ಡಿಸೆಂಬರ್–ಜನವರಿಯಲ್ಲಿ ಸವರಬಾರದು. ಕುಂಡ ಬದಲಿಸುವುದಕ್ಕೂ ಇದೇ ನಿಯಮ ಅನ್ವಯಿಸುತ್ತದೆ.

ಪ್ರಮುಖ ಗಿಡಗಳು

ಆಂಥೂರಿಯಂ

ಆಂಥೂರಿಯಂ ಆಂಡ್ರಿಯಾನಂ ಕೊಲಂಬಿಯಾ ಮತ್ತು ಈಕ್ವೆಡಾರ್ ದೇಶಗಳ ಮಳೆಕಾಡಿನ ಸಸ್ಯ. ಫ್ರಾನ್ಸಿನ ಎಡ್ವರ್ಡ್ ಆಂದ್ರೆ 1876ರಲ್ಲಿ ಕೊಲಂಬಿಯಾದಲ್ಲಿ ಇದನ್ನು ಸಂಗ್ರಹಿಸಿದರು. ಜಾತಿಯ ಹೆಸರು ಅವರಿಂದಲೇ ಬಂದಿದೆ. ರಾತ್ರಿಯ ಉಷ್ಣತೆ 15 ಡಿಗ್ರಿಗಿಂತ ಕೆಳಗಿಳಿದರೆ ಇದರ ಬೆಳವಣಿಗೆ ಕುಂಠಿತವಾಗುತ್ತದೆ. 10 ಡಿಗ್ರಿಯ ಆಸುಪಾಸಿನಲ್ಲಿ ಎಲೆಗೆ ಹಾನಿಯಾಗುತ್ತದೆ.

ಈ ಗಿಡದಲ್ಲಿ ಪ್ರತಿಯೊಂದು ಎಲೆಯ ಕಂಕುಳಿನಿಂದ ಒಂದು ಹೂ ಹೊರಡುತ್ತದೆ. ಆದುದರಿಂದ ಎಳೆಯ ಎಲೆಯೊಂದು ಹಾಳಾದರೆ ಒಂದು ಹೂವನ್ನೂ ಕಳೆದುಕೊಂಡಂತೆ. ಜನವರಿಯಲ್ಲಿ ಆದ ಹಾನಿಯ ಪರಿಣಾಮ ಮಾರ್ಚ್–ಏಪ್ರಿಲ್‌ನ ಹೂವಿನಲ್ಲಿ ಕಾಣಿಸುತ್ತದೆ. ಬೆಳೆಗಾರರು ಆಗ ಬೇಸಿಗೆಯ ಬಿಸಿಲನ್ನು ದೂಷಿಸುವುದುಂಟು.

ಪರದೆ ಮನೆಯಲ್ಲಿ ಬೆಳೆಸುವವರು ಗದ್ದೆಯ ಕಡೆಯ ಹಾಗೂ ಪೂರ್ವದ ಬದಿಗಳಿಗೆ ಎರಡು ಪದರ ಪರದೆಯನ್ನು ಕಟ್ಟುವುದು, ರಾತ್ರಿ ಬದಿಗಳನ್ನು ಮುಚ್ಚಿ ಹಗಲು ತೆರೆಯುವುದು, ಮಂಜಿನ ಸಿಂಪರಣೆಯನ್ನು ನಡುಮಧ್ಯಾಹ್ನಕ್ಕೆ ಸೀಮಿತಗೊಳಿಸುವುದು ಅವಶ್ಯಕ. ತೆಂಗಿನ ಸಿಪ್ಪೆಯ ತುಂಡು, ಇಟ್ಟಿಗೆ ಚೂರುಗಳಂತಹ ನೀರು ನಿಲ್ಲದ ಮಾಧ್ಯಮದಲ್ಲಿ ಬೆಳೆದ ಗಿಡಗಳ ಬೇರು ಮಳೆಗಾಲದಲ್ಲಿ ಕೆಡದೆ ಉಳಿಯುವುದರಿಂದ ಅವು ಚಳಿಯನ್ನೂ ಉತ್ತಮವಾಗಿ ಎದುರಿಸುತ್ತವೆ.

ಆರ್ಕಿಡ್‌ಗಳು

ಕೊಡಗಿನ ಕಾಡುಗಳ ಸ್ಥಳೀಯ ಆರ್ಕಿಡ್‌ಗಳಿಗೂ ಹೊರಗಿನಿಂದ ತಂದ ಸಂಕರ ತಳಿಗಳಿಗೂ ಚಳಿಗಾಲದ ಆರೈಕೆ ಒಂದೇ ಅಲ್ಲ. ಮಲೆನಾಡಿನಲ್ಲಿ ಸೀತಾಳೆ ದಂಡೆ ಎಂದು ಹೆಸರಾದ ರಿಂಕೋಸ್ಟೈಲಿಸ್ ರೆಟೂಸ ಮಳೆಗಾಲದ ಆರಂಭದ ಹೊತ್ತಿಗೆ ಹೂ ಬಿಡುತ್ತದೆ. ಅದಕ್ಕೆ ಮುನ್ನ ಕಳೆಯುವ ತಂಪಾದ ಒಣಕಾಲ ಅದರ ಸಹಜ ಋತುಚಕ್ರದ ಭಾಗ. ಕಾಡಿನ ಕೆಲವು ಡೆಂಡ್ರೋಬಿಯಂಗಳು ಚಳಿಗಾಲದಲ್ಲಿ ಎಲೆಯನ್ನೆಲ್ಲ ಉದುರಿಸಿ ಬರಿಯ ಕಾಂಡವಾಗಿ ನಿಲ್ಲುತ್ತವೆ. ಅವುಗಳನ್ನು ಸತ್ತವೆಂದು ಎಸೆಯುವುದು ಅಥವಾ ಬದುಕಿಸಲೆಂದು ಹೆಚ್ಚು ನೀರು ಕೊಡುವುದು ಎರಡೂ ತಪ್ಪು. ಮರದ ಮೇಲೆ ತಾನಾಗಿ ಬೆಳೆದ ಆರ್ಕಿಡ್‌ಗಳನ್ನು ರಕ್ಷಣೆಯ ಹೆಸರಿನಲ್ಲಿ ಕಿತ್ತು ಮನೆಗೆ ತರುವುದರಿಂದ ಕಾಡು ಬರಿದಾಗುತ್ತದೆ. ಅವುಗಳಿಗೆ ಆ ಮರವೇ ಉತ್ತಮ ಆಶ್ರಯ.

ಸಂಕರ ಫೆಲನಾಪ್ಸಿಸ್ ಗಿಡಗಳಿಗೆ ರಾತ್ರಿ 15 ಡಿಗ್ರಿಗಿಂತ ಹೆಚ್ಚಿನ ಉಷ್ಣತೆ ಬೇಕು. ಅವುಗಳನ್ನು ಮನೆಯೊಳಗೆ ಕಿಟಕಿಯ ಬಳಿ ಇಡಬೇಕು. ಆದರೆ ಶರತ್ಕಾಲದ ಮಿತವಾದ ತಂಪು ಇವುಗಳ ಹೂದಂಡು ಹೊರಡಲು ಪ್ರೇರಕವಾದುದರಿಂದ ಅಕ್ಟೋಬರ್‌ನಲ್ಲಿಯೇ ಬೆಚ್ಚಗಿಡುವ ಅಗತ್ಯವಿಲ್ಲ.

ಡೇಲಿಯಾ

ಮಲೆನಾಡಿನಲ್ಲಿ ಡೇರೆ ಹೂ ಎಂದು ಕರೆಯಲಾಗುವ ಡೇಲಿಯಾ ಮೆಕ್ಸಿಕೊ ಮೂಲದ ಗಿಡ. 1789ರಲ್ಲಿ ಅದರ ಬೀಜಗಳು ಮೆಕ್ಸಿಕೊದಿಂದ ಮ್ಯಾಡ್ರಿಡ್‌ನ ಸಸ್ಯೋದ್ಯಾನವನ್ನು ತಲುಪಿದವು. ಯುರೋಪಿನಲ್ಲಿ ಮಣ್ಣು ಹೆಪ್ಪುಗಟ್ಟುವುದರಿಂದ ಚಳಿಗಾಲಕ್ಕೆ ಮೊದಲು ಗೆಡ್ಡೆಯನ್ನು ಅಗೆದು ಒಳಗಿಡುತ್ತಾರೆ. ಕೊಡಗಿನಲ್ಲಿಯೂ ಗೆಡ್ಡೆಯನ್ನು ಅಗೆದಿಡುವ ಅಭ್ಯಾಸವಿದೆ. ಆದರೆ ಇಲ್ಲಿ ಕಾರಣ ಬೇರೆ. ಅಕಾಲದ ಮಳೆಗೆ ಗೆಡ್ಡೆ ಕೊಳೆಯುವುದು ಹಾಗೂ ಇಲಿ, ಹೆಗ್ಗಣಗಳ ಕಾಟ ಇಲ್ಲಿನ ಮುಖ್ಯ ಭಯಗಳು.

ಕಾಂಡ ತಾನಾಗಿ ಒಣಗಿದ ಬಳಿಕ ಒಂದು ಗೇಣು ಉಳಿಸಿ ಕತ್ತರಿಸಿ, ಗೆಡ್ಡೆಗಳನ್ನು ಗೊಂಚಲಾಗಿಯೇ ಅಗೆಯಬೇಕು. ಹೊಸ ಮೊಳಕೆ ಹುಟ್ಟುವುದು ಗೆಡ್ಡೆಯ ಮೈಯಿಂದಲ್ಲ, ಹಳೆಯ ಕಾಂಡಕ್ಕೆ ಸೇರುವ ಕತ್ತಿನ ಭಾಗದಿಂದ. ಕತ್ತು ಮುರಿದ ಗೆಡ್ಡೆ ಎಷ್ಟೇ ದಪ್ಪವಿದ್ದರೂ ಮೊಳೆಯುವುದಿಲ್ಲ. ನೆರಳಿನಲ್ಲಿ ಎರಡು–ಮೂರು ದಿನ ಆರಿಸಿ, ಒಣ ಮರಳು ಅಥವಾ ಬೂದಿ ಬೆರೆಸಿದ ಮಣ್ಣಿನಲ್ಲಿ ಹುಗಿದು ಅಟ್ಟದಲ್ಲಿಡಬಹುದು. ಒಲೆಯ ನೇರ ಮೇಲಿನ ಜಾಗದಲ್ಲಿಟ್ಟರೆ ಗೆಡ್ಡೆ ಸುಕ್ಕುಗಟ್ಟುತ್ತದೆ.

ದಾಸವಾಳ, ಹೆಲಿಕೋನಿಯ, ಅಡೀನಿಯಂ

ಊರಿನ ಹಳೆಯ ಕೆಂಪು ದಾಸವಾಳ ಕೊಡಗಿನ ಚಳಿಗೆ ಒಗ್ಗಿಕೊಂಡಿದೆ. ದೊಡ್ಡ ಹೂವಿನ ಸಂಕರ ತಳಿಗಳು ಮಾತ್ರ ಮೊಗ್ಗು ಉದುರಿಸುತ್ತವೆ. ಅವುಗಳನ್ನು ಸೂರಿನ ಕೆಳಗೆ ಇಡುವುದು ಒಳಿತು. ಹೆಲಿಕೋನಿಯದ ಮೇಲ್ಭಾಗ ಚಳಿಗೆ ಕಂದಿದರೂ ನೆಲದೊಳಗಿನ ಗೆಡ್ಡೆ ಬದುಕಿರುತ್ತದೆ. ದಪ್ಪ ಮುಚ್ಚಿಗೆ ಸಾಕು. ಅಡೀನಿಯಂ ಮರುಭೂಮಿಯ ಗಿಡ. ಎಲೆ ಉದುರಿದ ಮೇಲೆ ಅದಕ್ಕೆ ನೀರನ್ನು ಬಹುತೇಕ ನಿಲ್ಲಿಸಬೇಕು. ತಂಪಿನೊಂದಿಗೆ ತೇವವೂ ಸೇರಿದರೆ ಕಾಂಡ ಕೊಳೆಯುತ್ತದೆ.

ಬಾಧೆಗೊಂಡ ಗಿಡದ ಆರೈಕೆ

ಶೀತಬಾಧೆಗೊಂಡ ಗಿಡವನ್ನು ಕೂಡಲೇ ಕತ್ತರಿಸುವುದು, ಗೊಬ್ಬರ ಹಾಕುವುದು, ನೇರ ಬಿಸಿಲಿಗೆ ಇಡುವುದು ಹಾನಿಕರ. ಮೊದಲು ಅದನ್ನು ನೆರಳಿಗೆ ಸರಿಸಿ, ಬುಡಕ್ಕೆ ಮಿತವಾಗಿ ನೀರು ಕೊಡಬೇಕು. ಸುಟ್ಟಂತೆ ಕಾಣುವ ಎಲೆಗಳು ಸಹ ಕೆಳಗಿನ ಭಾಗಕ್ಕೆ ಹೊದಿಕೆಯಾಗಿ ನೆರವಾಗುವುದರಿಂದ, ಕೊಳೆತು ಲೋಳೆಯಾದವುಗಳನ್ನು ಮಾತ್ರ ತೆಗೆಯಬೇಕು. ಕಾಂಡದ ತೊಗಟೆಯನ್ನು ಉಗುರಿನಿಂದ ಸ್ವಲ್ಪ ಗೀರಿದಾಗ ಒಳಗೆ ಹಸಿರು ಕಂಡರೆ ಆ ಭಾಗ ಜೀವಂತವಾಗಿದೆ. ಮೇಲ್ಭಾಗ ಸತ್ತಿದ್ದರೂ ಬುಡದಿಂದ ಚಿಗುರು ಬರುವ ಸಾಧ್ಯತೆ ಇರುವುದರಿಂದ, ಮಾರ್ಚ್–ಏಪ್ರಿಲ್‌ನ ಹೂಮಳೆ ಬಿದ್ದು ಹೊಸ ಚಿಗುರಿನ ಕಾಲ ಕಳೆಯುವವರೆಗೆ ಗಿಡವನ್ನು ಕೀಳದೆ ಕಾಯುವುದು ಉಚಿತ.

ಋತುಮಾನದ ಕಾರ್ಯಕ್ರಮ

ಕೊಡಗಿನ ಹಬ್ಬ ಮತ್ತು ಬೇಸಾಯದ ಕಾಲಗಣನೆಗೆ ಅನುಗುಣವಾಗಿ ಈ ಕೆಲಸಗಳನ್ನು ಹೀಗೆ ಹಂಚಿಕೊಳ್ಳಬಹುದು.

- ಅಕ್ಟೋಬರ್ ಮಧ್ಯಭಾಗದ ತುಲಾ ಸಂಕ್ರಮಣದ ವೇಳೆಗೆ: ಕುಂಡಗಳ ನೀರು ಬಸಿಯುವ ರಂಧ್ರ ಬಿಡಿಸುವುದು, ಕೊಳೆತ ಬೇರು ಪರೀಕ್ಷಿಸುವುದು, ಸಾರಜನಕ ಗೊಬ್ಬರ ನಿಲ್ಲಿಸುವುದು.
- ನವೆಂಬರ್–ಡಿಸೆಂಬರ್‌ನ ಪುತ್ತರಿಯ ವೇಳೆಗೆ: ಹೊಸ ಹುಲ್ಲಿನ ಮುಚ್ಚಿಗೆ, ಪರದೆ ಬಿಗಿಯುವುದು, ಕುಂಡಗಳನ್ನು ಸೂರಿನ ಕೆಳಗೆ ಸರಿಸುವುದು, ಒಣಗಿದ ಡೇಲಿಯಾ ಗೆಡ್ಡೆ ಅಗೆಯುವುದು.
- ಜನವರಿಯ ಸಂಕ್ರಾಂತಿಯ ಆಸುಪಾಸು: ತಿಳಿಯಾದ ರಾತ್ರಿಗಳಲ್ಲಿ ಹೊದಿಕೆ, ಬೆಳಗಿನ ಮಿತವಾದ ನೀರು. ಕಾಫಿ ಕೊಯ್ಲಿನ ಗಡಿಬಿಡಿಯಲ್ಲಿ ಹೂಗಿಡಗಳು ಅಲಕ್ಷ್ಯಕ್ಕೆ ಒಳಗಾಗುವುದು ಈ ಅವಧಿಯಲ್ಲಿಯೇ.
- ಶಿವರಾತ್ರಿಯ ನಂತರ: ಹೊದಿಕೆಯನ್ನು ಹಂತಹಂತವಾಗಿ ತೆಗೆಯುವುದು. ಶಿವರಾತ್ರಿಗೆ ಚಳಿ ‘ಶಿವ ಶಿವ’ ಎನ್ನುತ್ತ ಹೋಗುತ್ತದೆ ಎಂಬ ನಾಡಿನ ಮಾತು ಈ ಕಾಲವನ್ನೇ ಸೂಚಿಸುತ್ತದೆ.
- ಹೂಮಳೆಯ ನಂತರ: ಸವರುವಿಕೆ, ಕುಂಡ ಬದಲಾವಣೆ, ಗೊಬ್ಬರ, ಡೇಲಿಯಾ ಗೆಡ್ಡೆಗಳನ್ನು ನೆಡಲು ಸಿದ್ಧಪಡಿಸುವುದು.

ಚಳಿಗಾಲದ ಅಗತ್ಯ

ಚಳಿಗಾಲವು ಹೂಗಿಡಗಳಿಗೆ ಕೇವಲ ಸಂಕಟದ ಕಾಲವಲ್ಲ. ಕೊಡಗಿನ ಮುಖ್ಯ ಬೆಳೆಯಾದ ಕಾಫಿಯ ಮೊಗ್ಗುಗಳು ಒಣಗಿದ ತಂಪು ತಿಂಗಳುಗಳಲ್ಲಿ ಸುಪ್ತವಾಗಿದ್ದು, ಹೂಮಳೆ ಬಿದ್ದ ಸುಮಾರು ಒಂದು ವಾರದಿಂದ ಹತ್ತು ದಿನಗಳಲ್ಲಿ ಒಮ್ಮೆಲೇ ಅರಳುತ್ತವೆ. ಆ ಒಣ ವಿಶ್ರಾಂತಿಯಿಲ್ಲದೆ ಅಂತಹ ಹೂಗೊಂಚಲು ಸಾಧ್ಯವಿಲ್ಲ. ಅನೇಕ ಹೂಗಿಡಗಳಿಗೂ ಇದೇ ಮಾತು ಸಲ್ಲುತ್ತದೆ. ಎಲ್ಲ ಗಿಡಗಳನ್ನೂ ಚಳಿಯಿಂದ ಪೂರ್ತಿಯಾಗಿ ದೂರವಿಟ್ಟು, ಎಡೆಬಿಡದೆ ನೀರು ಗೊಬ್ಬರ ಕೊಟ್ಟು ಬೆಳೆಸಿದರೆ ಎಲೆ ಹೆಚ್ಚಿ ಹೂ ಕಡಿಮೆಯಾಗುತ್ತದೆ. ಯಾವ ಗಿಡಕ್ಕೆ ಹೊದಿಕೆ ಬೇಕು, ಯಾವುದಕ್ಕೆ ವಿಶ್ರಾಂತಿ ಬೇಕು, ಯಾವುದಕ್ಕೆ ಚಳಿಯೇ ಬೇಕು ಎಂಬುದನ್ನು ಮೊದಲು ತಿಳಿದುಕೊಂಡರೆ ರಕ್ಷಣೆಯ ಕೆಲಸ ಬಹಳ ಹಗುರವಾಗುತ್ತದೆ.